ಗ್ರೀಸ್ ಹಚ್ಚಿದ ಬೋಲ್ಟ್

ಪ್ರಥಮ ಪಿಯುಸಿಗೆ ಟಾರ್ಕ್ ಪಾಠ. ಬಾಗಿಲಿನ ಉದಾಹರಣೆ ಸವೆದುಹೋಗಿದೆ ಎಂದು ನಾನು ನೀರಿನ ಪೈಪಿನ ಫ್ಲಾಂಜ್ ಆರಿಸಿಕೊಂಡೆ. ಎರಡು ಅಂಚುಗಳ ನಡುವೆ ಗ್ಯಾಸ್ಕೆಟ್, ಸುತ್ತ 16 ಮಿಮೀ ಬೋಲ್ಟುಗಳು. ಒಂದೊಂದು ಬೋಲ್ಟೂ 30,000 ನ್ಯೂಟನ್ ಬಲದಿಂದ ಹಿಡಿಯಬೇಕೆಂದು ಇಟ್ಟುಕೊಂಡು ಸೂತ್ರ ಬರೆದೆ: ಟಾರ್ಕ್ = ಕೆ × ಬಲ × ವ್ಯಾಸ. ಕೆ 0.2. ಉತ್ತರ 96 ನ್ಯೂಟನ್ ಮೀಟರ್.

ಹಿಂದಿನ ಬೆಂಚಿನ ಹುಡುಗ ಎದ್ದ. “ನಮ್ಮಪ್ಪ ಮೊದಲು ಗ್ರೀಸ್ ಹಚ್ತಾರೆ ಮಿಸ್. ಆಗಲೂ ಇಷ್ಟೇನಾ?”

“ಇಷ್ಟೇ. ಸ್ಪ್ಯಾನರ್ ಸಲೀಸಾಗಿ ತಿರುಗುತ್ತೆ, ಅಷ್ಟೆ” ಎಂದೆ. ಮೌಲ್ಯಮಾಪನಕ್ಕೆ ಐದೇ ನಿಮಿಷ ಉಳಿದಿತ್ತು!

ವೀಕ್ಷಣಾ ಹಾಳೆಯಲ್ಲಿ ಮೇಡಂ ಒಂದೇ ಸಾಲು ಬರೆದಿದ್ದರು: “ಕೆ ಎಲ್ಲಿಂದ ಬಂತು?”

ರಾತ್ರಿ ಕೂತು ನೋಡಿದೆ. ನಾವು ಹಾಕುವ ಟಾರ್ಕಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಉಳಿದದ್ದು ಮರೆಯಲ್ಲಿ, ನಟ್ಟಿನಡಿಯಲ್ಲಿ ಘರ್ಷಣೆಗೆ ಹೋಗುತ್ತದೆ. ಗ್ರೀಸ್ ಹಚ್ಚಿದರೆ ಕೆ ಸುಮಾರು 0.15ಕ್ಕೆ ಇಳಿಯುತ್ತದೆ, ಆಗ 72 ಸಾಕು. ನಾನು ಹೇಳಿದ 96ನ್ನೇ ಹಾಕಿದರೆ ಬಲ 40,000 ನ್ಯೂಟನ್. ಗ್ಯಾಸ್ಕೆಟ್ ನಜ್ಜುಗುಜ್ಜಾಗಬಹುದು, ಬೋಲ್ಟೇ ಹಿಗ್ಗಿ ಸಡಿಲವಾಗಬಹುದು. ಘರ್ಷಣೆಯ ಅಧ್ಯಾಯವನ್ನು ಹಿಂದಿನ ವಾರವಷ್ಟೇ ಇದೇ ತರಗತಿಗೆ ಮಾಡಿದ್ದೆ.

ಮರುದಿನ ತಪ್ಪು ಒಪ್ಪಿಕೊಂಡು ಎರಡೂ ಲೆಕ್ಕ ಬರೆದೆ. ಹುಡುಗ ಇನ್ನೊಂದು ಮಾತು ಸೇರಿಸಿದ: ಅಪ್ಪ ಒಂದೇ ಬೋಲ್ಟನ್ನು ಪೂರ್ತಿ ಬಿಗಿಯುವುದಿಲ್ಲ, ಸ್ವಲ್ಪ ಬಿಗಿದು, ಎದುರಿನದಕ್ಕೆ ಹೋಗುತ್ತಾರೆ. ಗ್ಯಾಸ್ಕೆಟ್ ಒಂದೇ ಕಡೆ ಒತ್ತಬಾರದಲ್ಲ! ಅದನ್ನು ಅವನಿಂದಲೇ ಬೋರ್ಡಿನ ಮೇಲೆ ಬಿಡಿಸಿಸಿದೆ.

ಅಂದು ಇಬ್ಬರು ಗೈರುಹಾಜರಾಗಿದ್ದರು. ಅವರ ಪುಸ್ತಕದಲ್ಲಿ ಗ್ರೀಸಿಗೂ 96 ಎಂದೇ ಇದೆ. ಸೋಮವಾರ ಕೇಳಿ ತಿದ್ದಿಸಬೇಕು.