ಖರ್ಚಿಲ್ಲದೆ ಸಿಕ್ಕ 340 ಗ್ರಾಂ

ರಿಮೋಟ್ ವಿಮಾನ ಅಂದ ಕೂಡಲೇ ಜಾತ್ರೆಯಲ್ಲಿ ಮಾರುವ ಆಟಿಕೆ ನೆನಪಾಗುತ್ತೆ. ಮದುವೆ ವಿಡಿಯೊದವರ ಡ್ರೋನ್ ಬಂದ ಮೇಲಂತೂ ಆಕಾಶದಲ್ಲಿ ಸದ್ದು ಮಾಡಿದ್ದೆಲ್ಲ ಡ್ರೋನೇ. ನಾವು ಹೇಳಹೊರಟಿರುವುದು ಇವೆರಡೂ ಅಲ್ಲ. ಮೂಗಿನ ಮುಂದೆ ಪಂಖ ಇಲ್ಲದ, ಹೊಟ್ಟೆಯೊಳಗೆ ಕೊಳವೆ, ಕೊಳವೆಯೊಳಗೆ ಫ್ಯಾನ್ ಇರುವ, ನೋಡಲು ಥೇಟ್ ಯುದ್ಧವಿಮಾನದಂತಿರುವ ಮಾದರಿ. ಇಂಗ್ಲಿಷ್‌ನಲ್ಲಿ ಡಕ್ಟೆಡ್ ಫ್ಯಾನ್ ಅಂತಾರೆ. ಬ್ಯಾಟರಿಯಿಂದ ಓಡುವುದಕ್ಕೆ ಚಿಕ್ಕದಾಗಿ ಇಡಿಎಫ್.

ನಾವು ಅಂದರೆ, ಜಿಲ್ಲೆಯ ಸುದ್ದಿ ಕಳಿಸಿ ಅಚ್ಚಾದಷ್ಟಕ್ಕೆ ದುಡ್ಡು ತಗೊಳ್ಳುವ ನಾವು, ಜೊತೆಗೆ ಡಿಪ್ಲೊಮಾ ಮೆಕ್ಯಾನಿಕಲ್ ಕೊನೆ ವರ್ಷದಲ್ಲಿರುವ ನಮ್ಮ ಅಣ್ಣನ ಮಗ. ಕೆಲಸದ ಮುಕ್ಕಾಲು ಪಾಲು ಅವನದು. ಹಿಡಿಯುವುದು, ಬರೆದುಕೊಳ್ಳುವುದು, ಅಣ್ಣನ ಹತ್ತಿರ ದುಡ್ಡಿಗೆ ಮಾತಾಡುವುದು ನಮ್ಮ ಪಾಲು.

ನಮ್ಮದು ಚಳ್ಳಕೆರೆ ಸೀಮೆ. ಶೇಂಗಾ, ಎಣ್ಣೆ ಮಿಲ್ಲು, ಕಂಬಳಿ. 2017ರಿಂದ ಇನ್ನೊಂದು ಸೇರಿದೆ, ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ. 2022ರ ಜುಲೈ 1ರಂದು ಬರೀ ರೆಕ್ಕೆಯ ಆಕಾರದ, ಪೈಲಟ್ ಇಲ್ಲದ ಜೆಟ್ ಒಂದು ಮೊದಲ ಸಲ ಹಾರಿದ್ದು ಅಲ್ಲಿಂದಲೇ. ಹಾರಿದ್ದಕ್ಕಿಂತ ಬಿದ್ದದ್ದೇ ನಮ್ಮ ಜನಕ್ಕೆ ಹೆಚ್ಚು ನೆನಪು. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಒಂದು, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಇನ್ನೊಂದು, ಪರೀಕ್ಷೆಯಲ್ಲಿದ್ದ ಪೈಲಟ್‌ರಹಿತ ವಿಮಾನಗಳು ಉದುರಿದವು. ಎರಡೂ ಸಲ ಯಾರಿಗೂ ಏನೂ ಆಗಲಿಲ್ಲ, ಜನ ಮಾತ್ರ ಸುತ್ತ ನಿಂತು ಮೊಬೈಲ್‌ನಲ್ಲಿ ಹಿಡಿದುಕೊಂಡರು. ಹಾಗಾಗಿ ಈ ಕಡೆ ಒಂದು ಥರ್ಮಾಕೋಲ್ ವಿಮಾನ ಹೊಲಕ್ಕೆ ಬಿದ್ದರೂ ಪೊಲೀಸ್ ಠಾಣೆಗೆ ಫೋನ್ ಹೋಗುತ್ತೆ. ಇದನ್ನು ತಲೆಯಲ್ಲಿಟ್ಟುಕೊಂಡೇ ಕೆಲಸ ಶುರುವಾಯಿತು.

ಹುಡುಗನಿಗೆ ಮರುತ್ ಬೇಕಿತ್ತು. ಬೆಂಗಳೂರಿಗೆ ಶಾಲೆ ಟೂರ್ ಹೋದವರು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ ಯುದ್ಧವಿಮಾನ ನೋಡಿರುತ್ತೀರಿ. ಅದೇ ಎಚ್ಎಫ್-24 ಮರುತ್. ನಮ್ಮ ಎಚ್ಎಎಲ್‌ನಲ್ಲಿ ತಯಾರಾದದ್ದು. ಅದರ ನಕ್ಷೆ ಮಾಡಿದವರು ಕರ್ಟ್ ಟ್ಯಾಂಕ್ ಎಂಬ ಜರ್ಮನಿಯ ಎಂಜಿನಿಯರ್. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಕೆಲಸವನ್ನೂ ಮಾಡಿದವು. ಆದರೆ ಆ ಮೈಗೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲೇ ಇಲ್ಲ. ಶಬ್ದದ ವೇಗ ಮೀರಲಿ ಅಂತ ಮಾಡಿದ ವಿಮಾನ, ಸಿಕ್ಕ ಎಂಜಿನ್ ಹಾಕಿಕೊಂಡು ಶಬ್ದಕ್ಕಿಂತ ಹಿಂದೆಯೇ ಉಳಿಯಿತು. ಹೆಚ್ಚು ತಳ್ಳುಬಲದ ಮಾದರಿಯೊಂದನ್ನು ಪರೀಕ್ಷಿಸುವಾಗಲೇ, 1970ರ ಜನವರಿಯಲ್ಲಿ, ಸುರಂಜನ್ ದಾಸ್ ತೀರಿಕೊಂಡರು. ಎಚ್ಎಎಲ್ ಹತ್ತಿರದ ರಸ್ತೆಗೆ ಅವರ ಹೆಸರಿದೆ, ಸಿಟಿ ಬಸ್ಸಿನವರು ದಿನಾ ಕೂಗುತ್ತಾರೆ.

ಹುಡುಗ ಮರುತ್ ಆರಿಸಿಕೊಂಡದ್ದು ಈ ಕತೆಗಲ್ಲ, ಉದ್ದ ಮೂಗು ಚೆನ್ನಾಗಿದೆ ಅಂತ. ನಿಜವಾದ ಮರುತ್ 15.87 ಮೀಟರ್ ಉದ್ದ, ರೆಕ್ಕೆಯಿಂದ ರೆಕ್ಕೆಗೆ 9 ಮೀಟರ್. ಹದಿನೈದರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ 106 ಸೆಂಟಿಮೀಟರ್, ರೆಕ್ಕೆ ಬರೀ 60. ಒಂದೂಕಾಲು ಕೆಜಿ ಹೊರಲು ಅಷ್ಟು ರೆಕ್ಕೆ ಸಾಲದು. ಅದನ್ನು 80ಕ್ಕೆ ಹಿಗ್ಗಿಸಿದೆವು. ಅಸಲಿಗೆ ಎರಡು ಎಂಜಿನ್, ನಮ್ಮದಕ್ಕೆ ಒಂದೇ ಫ್ಯಾನ್. ಮೈಗೆ 5 ಎಂಎಂ ಫೋಮ್ ಶೀಟು, ರೆಕ್ಕೆಯೊಳಗೆ ಕಾರ್ಬನ್ ಕಡ್ಡಿ. 70 ಎಂಎಂ ಫ್ಯಾನ್, ಅದರ ಮೋಟರ್, ವೇಗ ನಿಯಂತ್ರಿಸುವ ಇಎಸ್‌ಸಿ, ನಾಲ್ಕು ಸೆಲ್ಲಿನ ಲಿಪೊ ಬ್ಯಾಟರಿ ಎಲ್ಲ ಸೇರಿ 11 ಸಾವಿರ ಆಯಿತು. ರಿಮೋಟು ಸೀನಿಯರ್ ಒಬ್ಬನದು, ಎರವಲು.

ಆ 11 ಸಾವಿರ ಶೇಂಗಾ ಮಾರಿದ ದುಡ್ಡು. ಕೊಡುವಾಗ ಅಣ್ಣ ಹೇಳಿದ್ದು ಇಷ್ಟು: "ಇನ್ನೊಂದು ಪೈಸೆ ಕೇಳಂಗಿಲ್ಲ. ಮುರ್ಕಂಡ್ರೆ ಮುರ್ಕಂಡಂಗೆ." ಕಾಲೇಜಿನ ಪ್ರಾಜೆಕ್ಟಿಗೂ ಅದೇ ವಿಮಾನ ತೋರಿಸಬೇಕಿತ್ತು. ಫ್ಯಾನ್ ಒಂದು ಸಲ ಕಲ್ಲು ನುಂಗಿದರೆ ಇನ್ನೊಂದು ಇರಲಿಲ್ಲ.

ಇದು ಜೆಟ್ಟೇ ಹೌದಾ ಅಂತ ನೀವು ಕೇಳಬಹುದು. ಸೀಮೆಎಣ್ಣೆ ಥರದ ಇಂಧನ ಸುಟ್ಟು ಬಿಸಿ ಗಾಳಿ ಉಗುಳುವ ಜೆಟ್ ಇದಲ್ಲ. ಮುಂದಿನ ಬಾಯಿಯಿಂದ ಗಾಳಿ ಎಳೆದು, ಹಿಂದಿನ ಬಾಯಿಯಿಂದ ಜೋರಾಗಿ ದೂಡುವುದಷ್ಟೇ ಕೆಲಸ. ಫ್ಯಾನ್ ತಿರುಗುವುದು ನಿಮಿಷಕ್ಕೆ 35 ಸಾವಿರ ಸುತ್ತಿನ ಆಸುಪಾಸು. ಅಲಗಿನ ತುದಿಗೂ ಕೊಳವೆಗೂ ನಡುವೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಸಂದು. ಬೆರಳು ಹಾಕುವ ಜಾಗ ಅಲ್ಲ. ಮನೆಯ ಚಿಕ್ಕವರನ್ನು ಕೋಣೆಯೊಳಗೇ ಬಿಡಲಿಲ್ಲ.

ಮೊದಲು ಫ್ಯಾನನ್ನು ಬರಿದೇ ಹಲಗೆಗೆ ಕಟ್ಟಿ ಅಳೆದೆವು. ಅಳೆಯಲು ಅಣ್ಣ ಹುಣಸೆಹಣ್ಣು ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ. ತಕ್ಕಡಿಯ ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ತುದಿಯ ದಾರ ಹಲಗೆಗೆ. ಫ್ಯಾನ್ ಎಷ್ಟು ಎಳೆಯುತ್ತೋ ಅಷ್ಟು ತೂಕ ತೋರಿಸುತ್ತೆ. 1,450 ಗ್ರಾಂ ಬಂತು. ಹುಡುಗ ಕುಣಿದ. ಸಿದ್ಧವಾದ ವಿಮಾನ ತೂಗಿದರೆ ಬ್ಯಾಟರಿ ಸಮೇತ 1,240 ಗ್ರಾಂ. ತೂಕಕ್ಕಿಂತ ಹೆಚ್ಚು ಬಲ, ಇನ್ನೇನು ಬೇಕು?

ಅದೇ ಫ್ಯಾನನ್ನು ವಿಮಾನದ ಹೊಟ್ಟೆಯೊಳಗೆ ಕೂರಿಸಿ, ರೆಕ್ಕೆ ಬುಡಕ್ಕೆ ಎರಡೂ ಕಡೆ ದಾರ ಕಟ್ಟಿ ಅಳೆದಾಗ 920.

ಮತ್ತೆ ಅಳೆದೆವು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಅಳೆದೆವು. 920, 910, 920. ಅರ್ಧ ಕೆಜಿಗಿಂತ ಹೆಚ್ಚು ಬಲ ಎಲ್ಲಿಗೆ ಹೋಯಿತು? ಸಾಮಾನು ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ, ಆರು ಸೆಲ್ಲಿನ ಮೋಟರ್ ಹಾಕಿ, ಬ್ಯಾಟರಿನೂ ಬದಲಾಯಿಸಿ ಅಂದರು. ಅಂಗಡಿಯವರು ಹೇಳುವುದು ಅದನ್ನೇ ತಾನೆ. ಅಣ್ಣನ ಮಾತು ನೆನಪಿತ್ತು, ಆ ದಾರಿ ಮುಚ್ಚಿತ್ತು. ದುಡ್ಡಿದ್ದಿದ್ದರೆ ಅದೇ ಮಾಡಿರುತ್ತಿದ್ದನೇನೋ. ಇರಲಿಲ್ಲ, ಅದಕ್ಕೇ ಸ್ಕೇಲು ಹಿಡಿದುಕೊಂಡು ಕೂತ.

ಈ ಲೆಕ್ಕ ಸುಲಭ, ಎಂಟನೇ ಕ್ಲಾಸಿನದು. ಫ್ಯಾನಿನ ವೃತ್ತದ ವಿಸ್ತೀರ್ಣದಲ್ಲಿ ನಡುವಿನ ಮೋಟರ್ ಗುಂಡು ಕಳೆದರೆ ಗಾಳಿ ಹಾಯುವ ಜಾಗ ಸುಮಾರು 30 ಚದರ ಸೆಂಟಿಮೀಟರ್. ಒಳಗೆ ಬರುವ ಬಾಯಿಗಳೂ ಹತ್ತಿರ ಹತ್ತಿರ ಅಷ್ಟಾದರೂ ಇರಬೇಕು. ನಮ್ಮ ವಿಮಾನದ ಎರಡು ಕಿವಿಗಳು, ಮರುತ್ ಚಿತ್ರ ನೋಡಿ ನಿಷ್ಠೆಯಿಂದ ಕತ್ತರಿಸಿದ್ದವು, ಸೇರಿ 20. ಫ್ಯಾನ್ ಉಸಿರು ಕಟ್ಟಿಕೊಂಡು ಕೂಗುತ್ತಿತ್ತು. ಸದ್ದು ಜೋರಿತ್ತು ಅಂತ ನಾವು ಬಲ ಇದೆ ಅಂದುಕೊಂಡಿದ್ದೆವು.

ಹೊರಹೋಗುವ ಕಡೆ ಇನ್ನೊಂದು ಅವಾಂತರ. ಫ್ಯಾನಿನ ಹಿಂದೆ ಕೊಳವೆಯೇ ಇರಲಿಲ್ಲ. ಗಾಳಿ ಫೋಮಿನ ಪಟ್ಟಿಗಳಿಗೆ ಬಡಿದು, ಸರ್ವೊ ವೈರಿಗೆ ಸುತ್ತಿಕೊಂಡು, ಹೇಗೋ ಹೊರಗೆ ಹೋಗುತ್ತಿತ್ತು. ನುಣುಪಾದ ಕೊಳವೆ ಬೇಕು. ಅಟ್ಟದ ಮೇಲೆ ಅಪ್ಪನ ಕಾಲು ಮುರಿದಾಗಿನ ಎಕ್ಸ್‌ರೇ ಫಿಲ್ಮು ಇತ್ತು. ಅದನ್ನು ಸುರುಳಿ ಸುತ್ತಿ, ಫ್ಯಾನ್ ಕಡೆ 70 ಎಂಎಂ, ಬಾಲದ ಕಡೆ 58 ಎಂಎಂ ಬರುವಂತೆ ಅಂಟಿಸಿದ. ಮೆಣಸಿನಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತಲ್ಲ, ಅದೇ ತತ್ವ. ಜಾಸ್ತಿ ಒತ್ತಿದರೆ ನೀರೇ ಬರಲ್ಲ, ಅದೂ ಅದೇ ತತ್ವ. 54ಕ್ಕೆ ಕಿರಿದು ಮಾಡಿ ನೋಡಿದಾಗ ತಕ್ಕಡಿ ಇಳಿಯಿತು. 58ರಲ್ಲಿ 1,040 ಗ್ರಾಂ.

ಆಮೇಲೆ ಕಿವಿಗಳ ಅಂಚು. ಫೋಮನ್ನು ಬ್ಲೇಡಿನಿಂದ ಕತ್ತರಿಸಿದ್ದರಿಂದ ಅಂಚು ಚೂಪಾಗಿತ್ತು. ಚೂಪು ಅಂಚಿನಲ್ಲಿ ಗಾಳಿ ತಿರುಗಿಕೊಂಡು ಒಳಗೆ ಬರಲ್ಲ, ಗೋಡೆ ಬಿಟ್ಟು ಸುಳಿಯಾಗುತ್ತೆ, ಹಾಗಾಗಿ ಇದ್ದ ಬಾಯಿಯೂ ಇನ್ನಷ್ಟು ಕಿರಿದಾದ ಹಾಗೆ. ಡ್ರಿಪ್ಪಿನ ತೆಳು ಪೈಪನ್ನು ಉದ್ದಕ್ಕೆ ಸೀಳಿ, ಅಂಚಿಗೆ ತುಟಿಯ ಹಾಗೆ ಕೂರಿಸಿದ. ತೋಟದಲ್ಲಿ ಇಲಿ ಕಡಿದು ಬಿಸಾಡಿದ ಪೈಪೇ. 1,130.

ಉಳಿದದ್ದು ಬಾಯಿ ದೊಡ್ಡದು ಮಾಡುವುದು. ಕಿವಿ ಹಿಗ್ಗಿಸಿದರೆ ಮರುತ್ ಮರುತ್ ಆಗಿ ಉಳಿಯಲ್ಲ. ಮಾದರಿ ಮಾಡುವವರು ಇಂಥ ಕಡೆ ಹೊಟ್ಟೆಯಡಿ ಕಳ್ಳ ತೂತು ಕೊರೆಯುತ್ತಾರೆ. ಯುಟ್ಯೂಬಿನಲ್ಲಿ ಎಲ್ಲರದೂ ಹಸಿರು ಹುಲ್ಲಿನ ಮೈದಾನ, ಅಲ್ಲಿ ನಡೆಯುತ್ತೆ. ನಮ್ಮ ವಿಮಾನಕ್ಕೆ ಚಕ್ರ ಇಲ್ಲ, ಹೊಟ್ಟೆ ಮೇಲೇ ಇಳಿಯಬೇಕು, ಇಳಿಯುವುದು ನಮ್ಮ ಮಣ್ಣಿನ ಮೇಲೆ. ಮಣ್ಣು, ಕಲ್ಲುಪುಡಿ ನೇರ ಫ್ಯಾನಿಗೆ ಹೋಗುತ್ತೆ. ಈ ವಿಷಯಕ್ಕೆ ನಮಗೂ ಅವನಿಗೂ ಅರ್ಧ ದಿನ ವಾದವಾಯಿತು. ಕೊನೆಗೆ ಹೊಟ್ಟೆ ಬಿಟ್ಟು, ರೆಕ್ಕೆ ಬುಡದ ಕೆಳಗೆ ಎರಡೂ ಪಕ್ಕ ಒಂದೊಂದು ಸೀಳು ಮಾಡಿದ. ಎರಡೂ ಸೇರಿ 10 ಚದರ ಸೆಂಟಿಮೀಟರ್.

ತಕ್ಕಡಿ 1,260 ತೋರಿಸಿತು. ವಿಮಾನದ ತೂಕ ಅಂಟು, ಪೈಪು, ಫಿಲ್ಮು ಸೇರಿ 30 ಗ್ರಾಂ ಹೆಚ್ಚಾಗಿ 1,270. ಮೋಟರ್ ಅದೇ, ಬ್ಯಾಟರಿ ಅದೇ. 340 ಗ್ರಾಂ ಬಲ ಒಂದು ಎಕ್ಸ್‌ರೇ ಫಿಲ್ಮು, ಒಂದು ಮೊಳ ಡ್ರಿಪ್ ಪೈಪು, ಎರಡು ತೂತಿನಿಂದ ಬಂತು.

ಈ ಹೊತ್ತಿಗೆ ನಾವು ಸುದ್ದಿ ಕಳಿಸುವ ಪತ್ರಿಕೆಯ ಡೆಸ್ಕಿನವರಿಗೆ ವಿಷಯ ಗೊತ್ತಾಗಿ, ಫೋಟೊ ಕಳಿಸಿ ಅಂದರು. ತಲೆಬರಹ ಅವರ ಹತ್ತಿರ ಸಿದ್ಧವಿತ್ತು: ಹಳ್ಳಿ ಹೈದನಿಂದ ಜೆಟ್ ವಿಮಾನ ಆವಿಷ್ಕಾರ. ಹುಡುಗನನ್ನು ಕೇಳಿದೆವು. "ಚಿಕ್ಕಪ್ಪ, ಮೋಟರ್ ಚೀನಾದ್ದು, ಫ್ಯಾನ್ ಚೀನಾದ್ದು, ನಕ್ಷೆ ಜರ್ಮನಿಯೋರದ್ದು. ನಾನು ತೂತು ಕೊರ್ದಿದೀನಿ. ಹಂಗೇ ಬರೀತಾರಂದ್ರೆ ಬರ್ಕಳ್ಳಲಿ" ಅಂದ. ಹಾಗೆ ಬರೆಯಲು ಅಲ್ಲಿ ಜಾಗ ಇಲ್ಲ. ಆವಿಷ್ಕಾರ ಅಂದರೆ ಎರಡು ಕಾಲಂ, 920 ಗ್ರಾಂ 1,260 ಆಯಿತು ಅಂದರೆ ಯಾರು ಓದುತ್ತಾರೆ ಅಂತ ಕೇಳುತ್ತಾರೆ. ನಮಗೆ ಅನ್ನಿಸುವುದು ಬೇರೆ. ನಮ್ಮ ಊರುಗಳ ಹುಡುಗರನ್ನು ಒಂದು ದಿನ ವಿಜ್ಞಾನಿ ಮಾಡಿ, ಮಾರನೇ ದಿನ ಮೋಸಗಾರ ಅನ್ನುವುದಕ್ಕಿಂತ, ಅವರು ಎಷ್ಟು ಮಾಡಿದ್ದಾರೋ ಅಷ್ಟನ್ನೇ ಗ್ರಾಂ ಲೆಕ್ಕದಲ್ಲಿ ಬರೆದರೆ ಅವರಿಗೂ ಒಳ್ಳೆಯದು, ಓದುವ ಇನ್ನೊಬ್ಬ ಹುಡುಗನಿಗೂ ಉಪಯೋಗ. ಫೋಟೊ ಕಳಿಸಲಿಲ್ಲ. ಆ ತಿಂಗಳ ನಮ್ಮ ಬಿಲ್ಲಿನಲ್ಲಿ ಅಷ್ಟು ಕಡಿಮೆ.

ಹಾರಿಸುವ ಜಾಗಕ್ಕೆ ಡಿಜಿಟಲ್ ಸ್ಕೈ ನಕ್ಷೆ ನೋಡಿದೆವು. 2021ರ ಡ್ರೋನ್ ನಿಯಮದಲ್ಲಿ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ ಅಂತಿದೆ, ಆದರೆ ಕಣ್ಣಳತೆ ಬಿಟ್ಟು ಹೋಗಬಾರದು, ನಿಷೇಧದ ಜಾಗದಲ್ಲಿ ಹಾರಿಸಬಾರದು. ಪರೀಕ್ಷಾ ನೆಲೆಯ ಕಡೆ ತಲೆಯೇ ಹಾಕಲಿಲ್ಲ. ಬೈಕಿನಲ್ಲಿ ದೂರ ಹೋಗಿ, ನಕ್ಷೆಯಲ್ಲಿ ಹಸಿರಿದ್ದ ಕಡೆ, ನೀರಿಲ್ಲದ ಒಂದು ಕೆರೆ ಅಂಗಳ ಹುಡುಕಿದೆವು. ಠಾಣೆಗೆ ಮುಂಚೆ ಹೋಗಿ ವಿಮಾನ ತೋರಿಸಿ ಬಂದೆವು. ಸಾಹೇಬರು ಎತ್ತಿ ನೋಡಿ, ಇಷ್ಟೇನಾ ಅಂದರು.

ಅಣ್ಣನೂ ಬಂದ. ಬರಲ್ಲ ಅಂದಿದ್ದ.

ರಬ್ಬರ್ ಹಗ್ಗ ಎಳೆದು ಕವಣೆಯ ಹಾಗೆ ಬಿಡುವುದು. ಫ್ಯಾನಿನ ವಿಮಾನ ಮೊದಲ ಕ್ಷಣ ಬಲು ಮಂದ, ಪಂಖದ್ದರ ಹಾಗೆ ರೆಕ್ಕೆ ಮೇಲೆ ಗಾಳಿ ಬೀಸಿಕೊಳ್ಳಲ್ಲ. ವೇಗ ಬರುವ ಮುಂಚೆ ಮೂಗು ಎತ್ತಿದರೆ ಅಲ್ಲೇ ಮಣ್ಣು. ರಿಮೋಟು ಹಿಡಿದದ್ದು ಸೀನಿಯರ್. ಹಗ್ಗ ಬಿಟ್ಟೆವು. ವಿಮಾನ ಎದೆಯೆತ್ತರಕ್ಕೆ ಬಂದು ಇನ್ನೇನು ಕೂತಿತು ಅನ್ನುವಷ್ಟು ತಗ್ಗಿತು, ನೆಲದಿಂದ ಒಂದು ಮೊಳ ಇರಬಹುದು, ಹಾಗೇ ನೇರ ಹೋಯಿತು, ಆಮೇಲೆ ಏರಿತು. 920 ಗ್ರಾಂ ಇದ್ದಿದ್ದರೆ ಏರುತ್ತಿರಲಿಲ್ಲ ಅಂತ ಹುಡುಗ ಇವತ್ತಿಗೂ ವಾದಿಸುತ್ತಾನೆ. ನಮಗೂ ಹಾಗೇ ಅನ್ನಿಸುತ್ತೆ.

ಪೂರ್ತಿ ವೇಗದಲ್ಲಿ ಆ ಬ್ಯಾಟರಿ ಎರಡು ನಿಮಿಷಕ್ಕೂ ಬರಲ್ಲ. 2,200 ಎಂಎಎಚ್ ಬ್ಯಾಟರಿ, ಎಳೆಯುವುದು 55 ಆಂಪಿಯರ್, ಐದರಲ್ಲಿ ಒಂದು ಪಾಲು ಉಳಿಸಿಕೊಳ್ಳಬೇಕು. ಅದಕ್ಕೇ ಏರಿದ ಮೇಲೆ ಮುಕ್ಕಾಲಿಗಿಂತ ಕಡಿಮೆ ವೇಗಕ್ಕೆ ಇಳಿಸಿ, ಐದು ಸುತ್ತು ಹೊಡೆಸಿ, ಎರಡೂವರೆ ನಿಮಿಷಕ್ಕೆ ಇಳಿಸಿದರು. ಫ್ಯಾನ್ ಆಫ್ ಮಾಡಿ ಹೊಟ್ಟೆ ಮೇಲೆ ಜಾರಿಸಿದ್ದು ಚೆನ್ನಾಗೇ ಆಯಿತು, ಜಾರಿದ ದೂರ ಮಾತ್ರ ಲೆಕ್ಕ ತಪ್ಪಿ ಜಾಲಿ ಮೆಳೆಗೆ ಹೋಗಿ ನುಗ್ಗಿತು. ಹುಡುಗ ಓಡಿದವನು ಮೂಗು ನೋಡಲಿಲ್ಲ, ಮೊದಲು ಫ್ಯಾನಿಗೆ ಟಾರ್ಚ್ ಬಿಟ್ಟ. ಅಲಗು ಹನ್ನೆರಡೂ ಸರಿ ಇದ್ದವು. ಮೂಗು ಮುರಿದಿತ್ತು, ಐದು ರೂಪಾಯಿ ಫೆವಿಕ್ವಿಕ್ ಕೆಲಸ.

ಅಣ್ಣ ಹತ್ತಿರ ಬಂದು, "ಎಷ್ಟೊತ್ತು ಹಾರ್ತು?" ಅಂದ.

"ಎರಡೂವರೆ ನಿಮಿಷ."

"ಅಷ್ಟಕ್ಕಾ ಹನ್ನೊಂದು ಸಾವಿರ?"

ಆಮೇಲೆ ಬಗ್ಗಿ ಎಕ್ಸ್‌ರೇ ಕೊಳವೆಯೊಳಗೆ ಇಣುಕಿ, ಅಪ್ಪನ ಮೂಳೆ ಕಾಣುತ್ತಾ ಅಂತ ನೋಡಿದ. ಕಾಣುತ್ತೆ, ಬೆಳಕಿಗೆ ಹಿಡಿದರೆ.

ಪ್ರಾಜೆಕ್ಟ್ ವರದಿಯಲ್ಲಿ ತಕ್ಕಡಿಯ ಅಂಕಿಗಳೆಲ್ಲ ಇವೆ. 54 ಎಂಎಂ ಮಾಡಿ ಬಲ ಇಳಿದದ್ದೂ ಇದೆ. ಈಗ ಅವನಿಗೆ ಇನ್ನೊಂದು ಬ್ಯಾಟರಿ ಬೇಕಂತೆ, 2,500 ರೂಪಾಯಿ. ಕೇಳುವ ಕೆಲಸ ನಮ್ಮದೇ, ಶೇಂಗಾ ಕಟಾವು ಮುಗಿಯಲಿ ಅಂತ ಕಾಯುತ್ತಿದ್ದೇವೆ.