ಕೊಡಪಾನದ ಮೇಲಿನ ಹೆಸರು

ಮಹಾರಾಷ್ಟ್ರದ ನಮ್ಮೂರು ಸಾಸ್ತೂರದ ಮನೆಗಳಲ್ಲಿರುವ ಹಳೆಯ ಸಾಮಾನು ಯಾರೂ ಹವ್ಯಾಸಕ್ಕೆಂದು ಕೂಡಿಸಿಟ್ಟದ್ದಲ್ಲ, ಮಣ್ಣು ಬಗೆದು ತೆಗೆದದ್ದು. 1993ರ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದರು. ನಸುಕಿನಲ್ಲಿ, ಇನ್ನೂ ನಾಲ್ಕು ಬಡಿದಿರಲಿಲ್ಲ, ಭೂಮಿ ನಡುಗಿತು. ಕಿಲ್ಲಾರಿಯ ಹಾಗೆ ನಮ್ಮೂರೂ ನೆಲಸಮವಾಯಿತು. ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ತೊಲೆ, ಜಂತಿ, ಸೋರಬಾರದೆಂದು ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಹಾಕಿದ ಮಣ್ಣು. ಬೇಸಿಗೆಯಲ್ಲಿ ತಂಪು ಕೊಡುತ್ತಿದ್ದ ಆ ಮಾಳಿಗೆಯೇ ಮಲಗಿದವರ ಮೇಲೆ ಕುಸಿಯಿತು. ಈ ಸೀಮೆಯಲ್ಲಿ ಸತ್ತವರು ಸಾವಿರಾರು. ಆಮೇಲೆ 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು.

ಫೋಟೋ, ಪತ್ರ, ಲಗ್ನಪತ್ರಿಕೆ ಎಲ್ಲ ಮಣ್ಣುಪಾಲಾದವು. ಉಳಿದದ್ದು ಹಿತ್ತಾಳೆ, ತಾಮ್ರ. ಅವುಗಳ ಮೇಲೆ ಹೆಸರಿದ್ದವು.

ನಮ್ಮ ಕಡೆ ಲಗ್ನದಲ್ಲಿ ಬಾಂಡೆ ಆಯೇರಿ ಮಾಡುವವರು ಹೆಸರು ಹಾಕಿಸದೆ ಕೊಡುವುದಿಲ್ಲ. ಅಂಗಡಿಯವನು ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟುತ್ತಾನೆ: ಕೊಟ್ಟವರ ಹೆಸರು, ಊರು, ತಾರೀಕು. ನಮ್ಮ ಮನೆಯ ಕೊಡಪಾನದ ಹೊಟ್ಟೆ ಒಂದು ಕಡೆ ಒಳಗೆ ಹೋಗಿದೆ, ಬಾಯಿ ಸೊಟ್ಟಗಾಗಿದೆ. ಕುತ್ತಿಗೆಯ ಕೆಳಗಿನ ಕನ್ನಡ ಅಕ್ಷರಗಳು ಮಾತ್ರ ಬೆರಳಿಗೆ ಹತ್ತುತ್ತವೆ. ಆಯಿಯ, ಅಂದರೆ ನಮ್ಮ ಅಜ್ಜಿಯ, ಲಗ್ನಕ್ಕೆ ಅವಳ ಸೋದರಮಾವ ಉದಗೀರದಿಂದ ತಂದದ್ದು. ಆಗ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯಲ್ಲಿದ್ದವು, ನಿಜಾಮರ ಕಾಲ. 1956ರಲ್ಲಿ ಅವು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಆಯಿ ಹೇಳುತ್ತಿದ್ದಳು: "ತಗ್ಗು ಬಿದ್ರ ಬೀಳಲಿ. ನಮ್ಮ ಮಾಮಾ ಕೊಟ್ಟದ್ದದು, ಮಾರಬ್ಯಾಡ್ರಿ."

ಕೊಡಪಾನದ ಜತೆಗೆ ಮಣ್ಣಿನಿಂದ ತೆಗೆದದ್ದು ಒಂದು ಡಬ್ಬಿ. ಅದರಲ್ಲಿ ಅಜ್ಜನ ಬೆಳ್ಳಿಯ ಕರಡಿಗೆ, ಚಾರ್ಮಿನಾರ್ ಇರುವ ನಿಜಾಮರ ಹಾಲಿ ಸಿಕ್ಕಾ ರೂಪಾಯಿ.

ನಮ್ಮ ಓಣಿಯ ಒಂದು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಅಲ್ಲಿ ಸಿಕ್ಕ ಪರಾತದ ಮೇಲೆ ಆ ಮನೆಯ ಸೊಸೆಯ ತಂದೆಯ ಹೆಸರಿತ್ತು. ಓಣಿಯವರು ಅದನ್ನೋದಿ, ಪರಾತವನ್ನು ಹೊತ್ತುಕೊಂಡು ಹೋಗಿ ಅವಳ ತವರಿಗೆ ಮುಟ್ಟಿಸಿ ಬಂದರು. ಮಗಳದೆಂದು ಆ ತಾಯಿಗೆ ದಕ್ಕಿದ್ದು ಅದೊಂದೇ. ವಸ್ತುಸಂಗ್ರಹಾಲಯದ ಗಾಜಿನೊಳಗಿನ ಎಷ್ಟು ಬೆಲೆಬಾಳುವ ಸಾಮಾನಾದರೂ ನನ್ನ ಮಟ್ಟಿಗೆ ಆ ಪರಾತಕ್ಕೆ ಸರಿಯಲ್ಲ.

ಈಗ ನನ್ನನ್ನು ಕಾಡುವುದು ಬೇರೆ ಸಂಗತಿ. ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುತ್ತವೆ. ಕಲಿಯಲಿ, ಅದೂ ನಮ್ಮದೇ ಭಾಷೆ. ಆದರೆ ಮುತ್ತಜ್ಜಿಯ ಕೊಡಪಾನ ಹಿಡಿದು ನೀರು ತುಂಬುವ ಹುಡುಗಿಗೆ ಅದರ ಮೇಲಿನ ಹೆಸರು ಓದಲು ಬರುವುದಿಲ್ಲ. ಓದಿ ಹೇಳಿದರೂ ಅವರು ಯಾರು, ಯಾಕೆ ಕೊಟ್ಟರು ಎಂಬುದನ್ನು ಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆ ಮಾತು ಹೋದ ಮೇಲೆ ಕೊಡಪಾನವನ್ನು ತೂಕಕ್ಕೆ ಹಾಕಲು ಯಾರ ಕೈಯೂ ತಡೆಯುವುದಿಲ್ಲ.

ಉಮರ್ಗಾ, ನಿಲಂಗಾ, ಉದಗೀರದ ಕನ್ನಡ ಮನೆಯವರಲ್ಲಿ ನನ್ನದೊಂದು ಕೇಳಿಕೆ. ಅಟ್ಟದ ಮೇಲಿನ ಹಂಡೆ, ತಂಬಿಗೆ ಇಳಿಸಿ ಒರೆಸಿ ಓದಿರಿ. ಹಿರಿಯರನ್ನು ಕೇಳಿ ಒಂದು ವಹಿಯಲ್ಲಿ ಬರೆದಿಡಿರಿ, ಕನ್ನಡದಲ್ಲೂ, ಮಕ್ಕಳಿಗಾಗಿ ಮರಾಠಿಯಲ್ಲೂ. ಈ ದೀಪಾವಳಿಗೆ ಹೇಗೂ ಬಾಂಡೆ ತಿಕ್ಕುವುದಿದೆ, ಆಗಲೇ ಶುರು ಮಾಡಿರಿ.