ಎಳೆಗಳ ಲೆಕ್ಕ

ಪುಣೆಯ ನಮ್ಮ ಮನೆಯ ಒಂದು ಕೋಣೆ ಈಗ ಗೋದಾಮು. ಒಡವೆ ಮಾರಿದ ಹಣದಲ್ಲಿ ನನ್ನ ಹೆಂಡತಿ ಉತ್ತಮ ದರ್ಜೆಯ ಬೆಡ್‌ಶೀಟು, ಹೊದಿಕೆಗಳ ಆನ್‌ಲೈನ್ ಅಂಗಡಿ ತೆರೆದಿದ್ದಾಳೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 15ನೆಯದರಂತೆ ಮನೆಯವರ ವ್ಯಾಪಾರವನ್ನು ನಾನು ಇಲಾಖೆಗೆ ತಿಳಿಸಬೇಕು. ಅದರ ಪರವಾಗಿ ಪ್ರಚಾರ ಮಾಡಕೂಡದು. ತಿಳಿಸಿದ್ದೇನೆ. ಅಂಗಡಿಯ ಹೆಸರನ್ನು ಇಲ್ಲಿಯೂ ಬರೆಯಲಾರೆ.

ಮೂರು ತಿಂಗಳಲ್ಲಿ ಮಾರಾಟವಾದದ್ದು ಹನ್ನೊಂದು ಬೆಡ್‌ಶೀಟು. ಆಗ ಸರಬರಾಜುದಾರರೊಬ್ಬರು ಉಪಾಯ ಹೇಳಿದರು. ಚದರ ಅಂಗುಲಕ್ಕೆ ಹಾಸು, ಹೊಕ್ಕು ಸೇರಿ 300 ನೂಲು. ಪ್ರತಿಯೊಂದೂ ಎರಡೆಳೆ ಹೊಸೆದದ್ದು. ಆದ್ದರಿಂದ 600 ಎಂದೇ ಬರೆಯಿರಿ, ಎಲ್ಲರೂ ಬರೆಯುತ್ತಾರೆ.

ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಆ ಮೌನ ನಿಯಮಪಾಲನೆಯೋ ಆಸೆಯೋ ನನಗೇ ತಿಳಿಯಲಿಲ್ಲ.

ಧಾರವಾಡದಿಂದ ತಂದ ನನ್ನ ಅವ್ವನ ಕೌದಿ ಮಂಚದ ಮೇಲಿತ್ತು. ಅದರ ಅಂಚನ್ನು ಸವರುತ್ತ, “ಅತ್ತಿಯವರು ಹಳೇ ಸೀರಿಗೆ ಹೊಸಾದು ಅಂತ ಎಂದೂ ಹೇಳಲಿಲ್ಲ” ಎಂದಳು. 300 ಎಂದೇ ಬರೆದಳು.

ಆ ವಾರ ಒಂದೂ ಬೇಡಿಕೆ ಬರಲಿಲ್ಲ. ನನಗೆ ಒಳ್ಳೆಯ ನಿದ್ದೆ ಬಂತು. ಅವಳಿಗೆ ಬಂತೇ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.